ಇಪ್ಪತ್ತು ನಿಮಿಷದ ನಡಿಗೆಗೊಂದು ಜಾಗ

ಮೊದಲೇ ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ನನಗೆ ಪ್ರವಾಸಿಗರನ್ನು ಕಂಡರೆ ಆಗುವುದಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತು ಬದುಕು ಸಾಗಿಸುವವನು ಆಡಬಾರದ ಮಾತು ಇದು ಎಂದು ಗೊತ್ತಿದೆ. ಅವರು ಬಂದು ಇಡ್ಲಿ ತಿಂದು ಹೋಗುವುದರಿಂದಲೇ ನಮ್ಮ ಮನೆಯ ಒಲೆ ಉರಿಯುತ್ತದೆ. ಹೋಟೆಲಿನ ಒಳಗೆ ಅವರನ್ನು ಕಂಡರೆ ಮೂವತ್ತೆರಡು ಹಲ್ಲನ್ನೂ ತೋರಿಸುತ್ತೇನೆ, ಈಗ ಉಳಿದಿರುವುದು ಇಪ್ಪತ್ತಾರಾದರೂ. ತೊಂದರೆ ಶುರುವಾಗುವುದು ನಾನು ಹೊರಗೆ ಕಾಲಿಟ್ಟಾಗ. ‘ಇಲ್ಲಿ ಫೋಟೋ ತೆಗೆದುಕೊಡಲಾಗುತ್ತದೆ’ ಎಂಬ ಬೋರ್ಡು ನನ್ನ ಮುಖದ ಮೇಲೆ ನೇತಾಡುತ್ತಿದೆಯೋ ಏನೋ, ಚೆನ್ನೈಗೆ ಬಂದಿಳಿದ ಯಾರೇ ಆಗಲಿ ನೂರು ಜನರ ನಡುವೆ ನನ್ನನ್ನೇ ಹುಡುಕಿಕೊಂಡು ಬಂದು ಕೈಗೆ ಫೋನು ಕೊಡುತ್ತಾರೆ. “ಅಂಕಲ್, ಒನ್ ಫೋಟೋ!” ಹೀಗೆ ದೇಶದ ಎಷ್ಟೋ ನವದಂಪತಿಗಳ ಚಿತ್ರ ತೆಗೆದಿದ್ದೇನೆ. ಹೆಚ್ಚಿನವರ ಪಾದ ಬಿಟ್ಟುಹೋಗಿದೆ. ಕೆಲವರ ಹಣೆಯ ಮೇಲೆ ನನ್ನ ಹೆಬ್ಬೆರಳು ಇದೆ.

ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ನನಗೆ ದಿನಕ್ಕೆ ಬೇಕಾಗಿದ್ದುದು ಇಪ್ಪತ್ತೇ ನಿಮಿಷ. ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮೂರಕ್ಕೆ ಮುಗಿಯುತ್ತದೆ, ಸಂಜೆಯ ತಿಂಡಿ ನಾಲ್ಕಕ್ಕೆ ಶುರು. ನಡುವಿನ ಈ ಹೊತ್ತಿನಲ್ಲಿ ಹೋಟೆಲಿನವರೆಲ್ಲ ಸಿಕ್ಕಸಿಕ್ಕಲ್ಲಿ ಉರುಳಿ ಗೊರಕೆ ಹೊಡೆಯುತ್ತಾರೆ. ನಾನೂ ವಾಸಣ್ಣನೂ ಮಾತ್ರ ನಡೆಯಲು ಹೋಗುತ್ತಿದ್ದೆವು. ಹಿಂದಿನ ಓಣಿ ಹಿಡಿದು ಸಮುದ್ರ ಕಾಣುವ ತನಕ ಹೋಗುವುದು, ಸಮುದ್ರ ಇನ್ನೂ ಅಲ್ಲಿಯೇ ಇದೆ ಎಂದು ಖಾತ್ರಿ ಮಾಡಿಕೊಂಡು ತಿರುಗಿ ಬರುವುದು. ಇಪ್ಪತ್ತೇಳು ವರ್ಷ ಇದೇ ನಡೆಯಿತು. ವಾಸಣ್ಣ ನಮ್ಮ ಹೋಟೆಲಿನ ದೊಡ್ಡ ಅಡಿಗೆಯವನು, ಕುಂದಾಪುರದ ಕಡೆಯವನು. ನಾನೂ ಅದೇ ಕಡೆಯವನು. ಆದರೆ ನಾನು ಹೆಂಡತಿ ಮಗಳ ಜೊತೆ ಇಲ್ಲೇ ಬೀಡುಬಿಟ್ಟೆ. ಅವನು ಮನೆಯವರನ್ನು ಊರಿನಲ್ಲಿಯೇ ಬಿಟ್ಟು ಹೋಟೆಲಿನ ಮಾಳಿಗೆಯ ಕೋಣೆಯಲ್ಲಿದ್ದ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಬೆಳಗಿನಿಂದ ಪಾತ್ರೆಯ ಸದ್ದು, ಗಿರಾಕಿಗಳ ಸದ್ದು, “ಎರಡು ಮಸಾಲೆ, ಒಂದು ಪೊಂಗಲ್” ಎಂಬ ಕೂಗು ಕೇಳಿ ಕೇಳಿ ಇಬ್ಬರಿಗೂ ಕಿವಿ ದಣಿದಿರುತ್ತಿತ್ತು. ಹಾಗಾಗಿ ದಾರಿಯಲ್ಲಿ ಮಾತಿಲ್ಲ. ತಿರುಗಿ ಬರುವಾಗ, ಓಣಿಯ ತುದಿಯ ಹೂವರಸಿ ಮರದ ಹತ್ತಿರ ಅವನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ.

“ಉಪ್ಪ್ ಸಮ ಇದ್ದಿತ್ತಾ ರಾಘು?”

“ಸಮ ಇದ್ದಿತ್ತ್ ವಾಸಣ್ಣ.”

ಇಷ್ಟೇ. ನಮ್ಮ ಇಪ್ಪತ್ತೇಳು ವರ್ಷದ ಸಂಭಾಷಣೆಯನ್ನು ಯಾರಾದರೂ ಪುಸ್ತಕ ಮಾಡಿದರೆ ಎರಡು ಸಾಲು ಅಚ್ಚು ಹಾಕಿ ಉಳಿದದ್ದು ಖಾಲಿ ಬಿಡಬಹುದು.

ಈ ಪ್ರಶ್ನೆಯ ಹಿಂದೆ ಒಂದು ಪದ್ಧತಿ ಇದೆ. ನಮ್ಮ ಹೋಟೆಲಿನಲ್ಲಿ ಅಡಿಗೆ ಮಾಡುವವನು ರುಚಿ ನೋಡುವಂತಿಲ್ಲ. ಮೊದಲ ಸೌಟು ಅಡಿಗೆಮನೆಯ ಕೃಷ್ಣನ ಪಟದ ಮುಂದೆ ಹೋಗಬೇಕು. ಆಮೇಲೆ ಒಂದು ಸಣ್ಣ ಬಟ್ಟಲಲ್ಲಿ ಗಲ್ಲಾಕ್ಕೆ ಬರಬೇಕು. ಅಂದರೆ ದೇವರ ನಂತರ ನಾನು. ವಾಸಣ್ಣ ನೈವೇದ್ಯದ ಮೇಲೂ ರುಚಿ ನೋಡುವವನಲ್ಲ. “ನಾಲಿಗೆ ಲಂಚ ತಿಂತದೆ, ಮೂಗು ತಿನ್ನೂದಿಲ್ಲ” ಎನ್ನುತ್ತಿದ್ದ. ಕುದಿಯುವ ಸಾಂಬಾರಿನ ಮೇಲೆ ಒಮ್ಮೆ ಬಾಗಿ, ಹಬೆಯನ್ನು ಮೂಗಿಗೆ ಎಳೆದುಕೊಂಡು, ಉಪ್ಪು ಸಾಕೋ ಬೇಕೋ ಹೇಳುತ್ತಿದ್ದ. ಬಟ್ಟಲು ಬಂದಾಗ ನಾನು ನೆಕ್ಕಿ ತಲೆಯಾಡಿಸಿದರೆ ಅವತ್ತಿನ ಊಟಕ್ಕೆ ಅಪ್ಪಣೆ ಸಿಕ್ಕಿದ ಹಾಗೆ. ನನ್ನ ಜೀವನದಲ್ಲಿ ನನಗೆ ಸಿಕ್ಕಿದ ಒಂದೇ ಅಧಿಕಾರ ಅದು. ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಎರಡೂವರೆ ಮೂರು ವರ್ಷದ ಹಿಂದೆ ವಾಸಣ್ಣನಿಗೆ ಒಂದು ಜ್ವರ ಬಂತು. ವಾರದಲ್ಲಿ ಎದ್ದು ಕೆಲಸಕ್ಕೆ ಬಂದ. ಮರುದಿನ ಬಂದ ಬಟ್ಟಲನ್ನು ನಾಲಿಗೆಗೆ ಇಟ್ಟರೆ, ಬಂಗಾಳ ಕೊಲ್ಲಿಯೇ ಬಟ್ಟಲಿಗೆ ಇಳಿದುಬಂದಿತ್ತು. ಆಯಾಸ ಇರಬೇಕು ಎಂದುಕೊಂಡೆ. ಅದರ ಮರುದಿನ ಉಪ್ಪೇ ಇಲ್ಲ. ಒಂದು ದಿನ ಪಕ್ಕದ ಒಲೆಯಲ್ಲಿ ಹಾಲು ಹೊತ್ತಿ ಇಡೀ ಹೋಟೆಲು ಕಮಟು ವಾಸನೆಯಿಂದ ತುಂಬಿತು. ಗಿರಾಕಿಗಳು ಮೂಗು ಮುಚ್ಚಿಕೊಂಡರು. ವಾಸಣ್ಣ ಆ ಪಾತ್ರೆಗೆ ಬೆನ್ನು ಹಾಕಿ ಆರಾಮವಾಗಿ ಕೊತ್ತಂಬರಿ ಹೆಚ್ಚುತ್ತಿದ್ದ. ಅವತ್ತು ನನಗೆ ತಿಳಿಯಿತು. ಅವನ ಮೂಗು ಹೋಗಿತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಐವತ್ತು ವರ್ಷ ಒಲೆಯ ಮುಂದೆ ನಿಂತವನಿಗೆ “ನಿನ್ನ ಉಪ್ಪು ತಪ್ಪುತ್ತಿದೆ” ಎಂದು ಹೇಗೆ ಹೇಳುವುದು? ಹೇಳಿದರೆ ಅವತ್ತೇ ಪಂಚೆ ಮಡಿಸಿ ಊರಿಗೆ ಹೊರಡುವ ಜಾತಿ ಅವನು. ಹಾಗಾಗಿ ಎರಡನೆಯ ಅಡಿಗೆಯವನಾದ ಗಣಪತಿಯನ್ನು ಕರೆದು ಒಂದು ಗುಟ್ಟಿನ ವ್ಯವಸ್ಥೆ ಮಾಡಿದೆ. ಬಟ್ಟಲು ನೆಕ್ಕಿ ನಾನು ತಲೆಯಾಡಿಸುವುದು, ವಾಸಣ್ಣ ಸ್ನಾನಕ್ಕೆ ಹೋಗುವುದು, ನಾನು ಬೆರಳು ತೋರಿಸುವುದು. ಒಂದು ಬೆರಳೆಂದರೆ ಉಪ್ಪು ಹಾಕು, ಎರಡು ಬೆರಳೆಂದರೆ ಬೇಯಿಸಿದ ಬಟಾಟೆ ಹಾಕು. ಬಟಾಟೆ ಉಪ್ಪನ್ನು ಎಳೆದುಕೊಳ್ಳುತ್ತದಲ್ಲ. ಎರಡು ಬೆರಳಿನ ದಿನಗಳೇ ಹೆಚ್ಚು. ಮೂಲಂಗಿ ಸಾಂಬಾರಿನಲ್ಲಿ ಬಟಾಟೆ, ನುಗ್ಗೆಕಾಯಿ ಸಾಂಬಾರಿನಲ್ಲಿ ಬಟಾಟೆ, ತಮಿಳರ ಹುಳಿಗೊಜ್ಜು ವತ್ತಕೊಳಂಬಿನಲ್ಲಿಯೂ ಬಟಾಟೆ. ದಿನಾ ಬರುವ ಒಬ್ಬ ರಿಟೈರ್ಡ್ ಇನ್ಶೂರೆನ್ಸ್ ಆಫೀಸರು ಕೈತೊಳೆದು ಬಂದು ಕೇಳಿಯೇ ಬಿಟ್ಟರು, “ಎನ್ನ ಸಾರ್, ಉರುಳೈಕಿಳಂಗು ಗೋಡೌನ್ ಏದಾವದು ವಾಂಗಿಟ್ಟೀಂಗಳಾ?” ಬಟಾಟೆ ಗೋಡೌನು ಕೊಂಡಿದ್ದೀರಾ ಎಂದು. ನಾನು ನಕ್ಕೆ. ಮಧ್ಯಾಹ್ನ ಹೂವರಸಿ ಮರದ ಹತ್ತಿರ ಎಂದಿನ ಪ್ರಶ್ನೆ. “ಸಮ ಇದ್ದಿತ್ತ್ ವಾಸಣ್ಣ.” ಎರಡು ವರ್ಷ ದಿನಕ್ಕೊಂದರಂತೆ ಸುಳ್ಳು ಹೇಳಿದೆ. ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಈಗ ಪ್ರವಾಸಿಗರ ಕಡೆಗೆ ಬರುತ್ತೇನೆ. ನಮ್ಮ ಓಣಿಯ ಗೋಡೆಗಳಿಗೆ ಯಾರೋ ಪುಣ್ಯಾತ್ಮರು ದೊಡ್ಡ ದೊಡ್ಡ ಬಣ್ಣದ ಚಿತ್ರ ಬರೆಸಿದರು. ನೀಲಿ ಮೀನು, ಕೆಂಪು ದೋಣಿ, ಹೂ ಮುಡಿದ ಹೆಂಗಸು. ಮರುವಾರದಿಂದಲೇ ಜನ. ನಾಯಿ ಮಲಗುತ್ತಿದ್ದ ಜಾಗದಲ್ಲಿ ಜನ ಸಾಲು ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ನಾವು ಹಟ ಬಿಡದೆ ಅವರ ನಡುವೆಯೇ ನಡೆದೆವು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ರೇಷ್ಮೆಯ ಲಂಗ ದಾವಣಿ ಉಟ್ಟ ಒಬ್ಬ ಹುಡುಗಿ ನೀಲಿ ಮೀನಿನ ಮುಂದೆ ಕುಣಿಯುತ್ತಿದ್ದಳು. ಅವಳ ಗೆಳೆಯ ಫೋನು ಹಿಡಿದಿದ್ದ. ಬಿಳಿ ಪಂಚೆಯ ಇಬ್ಬರು ಮುದುಕರು ಹಿಂದೆ ಹಾದುಹೋದದ್ದು ಅವನಿಗೆ ಬಹಳ ಹಿಡಿಸಿಬಿಟ್ಟಿತು. “ಅಂಕಲ್, ಸೂಪರ್! ಇನ್ನೊರು ತಡವೆ, ಸ್ಲೋವಾ ನಡಂದು ವಾಂಗ” ಎಂದ. ಇನ್ನೊಮ್ಮೆ ನಿಧಾನವಾಗಿ ನಡೆದು ಬನ್ನಿ ಎಂದು. ವಾಸಣ್ಣ ಮದುಮಗನ ಹಾಗೆ ಪಂಚೆ ಸರಿಮಾಡಿಕೊಂಡು ತಿರುಗಿ ನಡೆದ. ನಾನೂ ನಡೆದೆ. ಮತ್ತೊಮ್ಮೆ ಎಂದ. ಅವತ್ತು ಬೆಳಿಗ್ಗೆ ಸಾಂಬಾರು ಬಟಾಟೆಗೂ ಬಗ್ಗದೆ ನಾನೂ ಗಣಪತಿಯೂ ಗುಟ್ಟಾಗಿ ಇಡೀ ಕೊಪ್ಪರಿಗೆ ಚೆಲ್ಲಿದ್ದೆವು, ಮಾಲೀಕರಿಗೆ ನಾನು ಇನ್ನೇನೋ ನೆವ ಹೇಳಿದ್ದೆ. ತಲೆ ಕಾದಿತ್ತು. ಮೂರನೆಯ ಬಾರಿ ನಡೆಯುವಾಗ ಪಕ್ಕದಿಂದ ಮೆಲ್ಲಗೆ ಕೇಳಿಸಿತು.

“ಉಪ್ಪ್ ಸಮ ಇದ್ದಿತ್ತಾ ರಾಘು?”

“ಎಲ್ಲಿ ಸಮ ಮಾರಾಯ? ಎರಡ್ ವರ್ಷದಿಂದ ಸಮ ಇಲ್ಲ!”

ಬಾಯಿಯಿಂದ ಹಾರಿದ್ದು ಹಾರಿಹೋಯಿತು. ನಾನು ಅವನ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ದಾಪುಗಾಲು ಹಾಕಿ ಹೋಟೆಲಿಗೆ ಬಂದು ಗಲ್ಲಾದಲ್ಲಿ ಕೂತೆ. ಅವನು ಹಿಂದಿನಿಂದ ಬಂದು ಒಳಗೆ ಹೋದ.

ಮರುದಿನ ಅವನು ಊರಿಗೆ ಹೊರಡುವವನಿದ್ದ. ಅಣ್ಣನ ಮೊಮ್ಮಗನ ಉಪನಯನಕ್ಕೆಂದು ತಿಂಗಳ ಹಿಂದೆಯೇ ರಜೆ ಹೇಳಿದ್ದ. ನಮ್ಮ ಹೋಟೆಲಿನಲ್ಲಿ ಯಾರು ಊರಿಗೆ ಹೊರಟರೂ ಒಬ್ಬರು ಸೆಂಟ್ರಲ್ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ, ಕಿಟಕಿಯಲ್ಲಿ ಮೊಸರನ್ನದ ಪೊಟ್ಟಣ ಕೊಟ್ಟು ಬರುವ ರೂಢಿ. ವಾಸಣ್ಣನ ಪೊಟ್ಟಣ ಯಾವಾಗಲೂ ನಾನೇ ಒಯ್ಯುತ್ತಿದ್ದುದು. ಅವತ್ತು, “ಗಲ್ಲಾ ಬಿಟ್ಟು ಬರೂಕೆ ಆಗೂದಿಲ್ಲ ಅಂತ ಹೇಳು” ಎಂದು ಗಣಪತಿಯ ಕೈಯಲ್ಲಿ ಕೊಟ್ಟು ಕಳಿಸಿದೆ. ಅವತ್ತು ಗಲ್ಲಾದಲ್ಲಿ ಮಾಲೀಕರ ತಮ್ಮನೂ ಇದ್ದರು. ಬಿಟ್ಟು ಹೋಗಬಹುದಿತ್ತು. ಹದಿನಾಲ್ಕನೆಯ ದಿನ ಊರಿನಿಂದ ಫೋನು ಬಂತು. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಕೂತಲ್ಲಿಯೇ ಹೋಗಿದ್ದ. ಹೃದಯಾಘಾತವಂತೆ.

ಆ ಮೇಲೆ ನನಗೆ ಆ ಓಣಿಗೆ ಕಾಲಿಡಲು ಆಗಲಿಲ್ಲ. ಎಲ್ಲಾದರೂ ಒಂದು ಕಡೆ, ಯಾರೂ ಇಲ್ಲದ ಕಡೆ ಇಪ್ಪತ್ತು ನಿಮಿಷ ನಡೆದು, ಸಾಧ್ಯವಾದರೆ ಒಂದು ಸಲ ಚೆನ್ನಾಗಿ ಅತ್ತು ಬರಬೇಕು ಅನ್ನಿಸುತ್ತಿತ್ತು. ಗಲ್ಲಾದಲ್ಲಿ ಅಳುವ ಹಾಗಿಲ್ಲ, ಬಿಲ್ಲು ನೋಡಿ ಅಳುತ್ತಿದ್ದಾನೆ ಎಂದು ಗಿರಾಕಿಗಳು ಗಾಬರಿಯಾಗುತ್ತಾರೆ. ಮನೆಯಲ್ಲಿ ಅತ್ತರೆ ಹೆಂಡತಿ ಬಿಪಿ ಮಾತ್ರೆ ತರುತ್ತಾಳೆ. ಮೆರೀನಾಕ್ಕೆ ಹೋದೆ. ಆ ಉರಿಬಿಸಿಲಲ್ಲಿ ಅಲ್ಲಿ ಯಾರಿರುತ್ತಾರೆ ಎಂದು ನನ್ನ ಲೆಕ್ಕ. ಉತ್ತರದ ಕಡೆಯಿಂದ ಎರಡು ಬಸ್ಸು ಬಂದು ನಿಂತಿತ್ತು. ಇನ್ನೇನು ಕಣ್ಣೀರು ಇಳಿಯಬೇಕು, ಅಷ್ಟರಲ್ಲಿ “ಅಂಕಲ್‌ಜೀ, ಏಕ್ ಫೋಟೋ” ಎಂದು ಹನ್ನೊಂದು ಜನರ ಕುಟುಂಬ ಎದುರು ನಿಂತಿತು. ಬಂದ ಅಳುವನ್ನು ನುಂಗಿಕೊಂಡು, ಹನ್ನೊಂದು ಜನರಿಗೂ ನಗಿ ಎಂದು ಹೇಳಿ ಕ್ಲಿಕ್ಕಿಸಿದೆ.

ಮೈಲಾಪುರದ ಕೊಳದ ಸುತ್ತ ನಡೆದು ನೋಡಿದೆ. ಅಲ್ಲಿ ಹಳೆಯ ಊರನ್ನು ತೋರಿಸುವ ನಡಿಗೆಯಂತೆ, ಕೊಡೆ ಹಿಡಿದ ಹೆಣ್ಣುಮಗಳೊಬ್ಬಳು ಇಪ್ಪತ್ತು ಜನರನ್ನು ಹಿಂದಿಟ್ಟುಕೊಂಡು ಬರುತ್ತಿದ್ದಳು. ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು, ನನ್ನ ಪಂಚೆಯನ್ನು, ಹಣೆಯ ಗಂಧವನ್ನು ನೋಡಿ, ದನಿ ತಗ್ಗಿಸಿ ಗುಂಪಿಗೆ ಏನೋ ಹೇಳಿದಳು. ‘ಲಿವಿಂಗ್ ಹೆರಿಟೇಜ್’ ಎಂಬುದಷ್ಟು ಕಿವಿಗೆ ಬಿತ್ತು. ಇಪ್ಪತ್ತು ಜನವೂ ಭಕ್ತಿಯಿಂದ ನನ್ನ ಫೋಟೋ ತೆಗೆದುಕೊಂಡರು. ಕೊನೆಗೆ ಹೆಂಡತಿ, “ತಾರಸಿ ಮೇಲೆ ನಡೀರಿ, ಅಲ್ಯಾರು ಬರ್ತಾರೆ?” ಎಂದಳು. ಹೋದೆ. ನಮ್ಮ ಕಟ್ಟಡದ ಆರು ಮನೆಯವರೂ ಅಲ್ಲಿ ಸಂಡಿಗೆ ಒಣಗಿಸಿದ್ದರು. ಮೇಲಿನ ಮನೆಯ ಮಾಮಿ ನನ್ನನ್ನು ಕಂಡು, “ಎಪ್ಪಡಿಯುಂ ನಡಕ್ಕಿರೀಂಗ, ಅಪ್ಪಡಿಯೇ ಕಾಕ್ಕಾ ಓಟ್ಟಿಡುಂಗೋ” ಎಂದು ಕೋಲು ಕೈಗೆ ಕೊಟ್ಟಳು. ಹೇಗೂ ನಡೆಯುತ್ತೀರಿ, ಹಾಗೆಯೇ ಕಾಗೆ ಓಡಿಸಿ ಎಂದು. ಒಂದು ವಾರ ಕಾಗೆ ಓಡಿಸಿದೆ. ಸತ್ತವರ ಹೆಸರಲ್ಲಿ ಕಾಗೆಯನ್ನು ಕರೆಯಬೇಕಾದ ದಿನಗಳಲ್ಲಿ ಕೋಲು ಹಿಡಿದು ಓಡಿಸುವುದು ಮನಸ್ಸಿಗೆ ಸರಿಬರಲಿಲ್ಲ.

“ಎಣ್ಣೂರಿಗೆ ಹೋಗಿ ರಾಘಣ್ಣ, ಅಲ್ಲಿಗೆ ಯಾವ ಟೂರಿಸ್ಟೂ ಸಾಯೂಕ್ ಬರೂದಿಲ್ಲ” ಎಂದು ದಾರಿ ತೋರಿಸಿದವನು ಗಣಪತಿ. ಎಣ್ಣೂರೆಂದರೆ ಚೆನ್ನೈಯ ಉತ್ತರದ ತುದಿ, ಕಾರ್ಖಾನೆಗಳ ಜಾಗ. ನನ್ನ ವಾರದ ರಜೆ ಮಂಗಳವಾರ. ಎರಡು ರೈಲು ಬದಲಿಸಿ, ಇಪ್ಪತ್ತು ನಿಮಿಷದ ನಡಿಗೆಗೆ ಒಂದೂವರೆ ಗಂಟೆ ಪ್ರಯಾಣ ಮಾಡಿ ಹೋದೆ. ಗಣಪತಿ ಹೇಳಿದ್ದು ನಿಜ. ದೂರದಲ್ಲಿ ಎತ್ತರದ ಚಿಮಣಿಗಳು, ಈ ಕಡೆ ಕಲ್ಲು ಸುರಿದ ದಡ, ಕವುಚಿ ಹಾಕಿದ ದೋಣಿಗಳು. ಫೋಟೋ ಕೇಳುವ ಒಬ್ಬ ಪ್ರಾಣಿಯೂ ಇಲ್ಲ. ನಡೆದೆ. ಎಡಗಡೆ ಒಬ್ಬ ಆಳಿನ ಜಾಗ ಬಿಟ್ಟು ನಡೆಯುತ್ತಿದ್ದೇನೆ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಅಲ್ಲಿಗೆ ಅಳಲು ಎಲ್ಲಾ ಅನುಕೂಲವೂ ಆಯಿತು. ಆದರೆ ಅಳು ಬರಲಿಲ್ಲ. ಹತ್ತು ನಿಮಿಷವಾದ ಮೇಲೆ ಎಲ್ಲಿಂದಲೋ ಘಾಟು ಗಾಳಿ ಬೀಸಿ ಕಣ್ಣಿಂದ ನೀರು ಸುರಿಯತೊಡಗಿತು. ಈ ನೀರು ವಾಸಣ್ಣನಿಗಾಗಿ ಬಂದದ್ದೋ ಗಾಳಿಗೆ ಬಂದದ್ದೋ ನನಗೇ ತಿಳಿಯಲಿಲ್ಲ. ಮೀನು ಒಣಗಿಸುತ್ತಿದ್ದ ಒಬ್ಬ ಅಜ್ಜಿ ತಲೆಯೆತ್ತಿ, “ಯಾರ ಪಾಕ್ಕ ವಂದೀಂಗ?” ಎಂದು ಕೇಳಿದಳು, ಯಾರನ್ನು ನೋಡಲು ಬಂದಿರಿ ಎಂದು. ಕಣ್ಣು ತೋರಿಸಿದೆ. “ಇಂಗ ಎಲ್ಲಾರುಕ್ಕುಂ ಕಣ್ಣು ಎರಿಯುಂ ಸಾಮಿ,” ಇಲ್ಲಿ ಎಲ್ಲರ ಕಣ್ಣೂ ಉರಿಯುತ್ತದೆ ಎಂದು ಹೇಳಿ, ಮುಖ ತೊಳೆಯಲು ಒಂದು ಚೊಂಬು ನೀರು ಕೊಟ್ಟಳು.

ಬರುವಾಗ ರೈಲಿನಲ್ಲಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆರು ತಿಂಗಳಿಂದ ಸಿಕ್ಕಸಿಕ್ಕವರ ಹತ್ತಿರ ಪ್ರವಾಸಿಗರನ್ನು ಬೈಯುತ್ತಿದ್ದೆ. ಆ ಹುಡುಗ ಮೂರು ಬಾರಿ ನಡೆಸದಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ, ಆ ಮಾತು ಆಡುತ್ತಿರಲಿಲ್ಲ, ಎಂದು. ಆ ಹುಡುಗ ನಡೆಯಿರಿ ಎಂದನೇ ಹೊರತು ಆ ಮಾತು ಆಡಿ ಎನ್ನಲಿಲ್ಲ. ಸ್ಟೇಷನ್ನಿಗೆ ಹೋಗಬೇಡಿ ಎಂದೂ ಹೇಳಲಿಲ್ಲ.

ಅದಾಗಿ ಹತ್ತು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ಮಗಳು ವಿದ್ಯಾ ಫೋನು ಹಿಡಿದುಕೊಂಡು ಓಡಿಬಂದಳು. ಇಲ್ಲಿಯೇ ಹುಟ್ಟಿ ಬೆಳೆದವಳು, ನಾವು ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರ ಕೊಡುತ್ತಾಳೆ. “ಅಪ್ಪಾ, ಇದು ನೀಂಗ ದಾನೇ?” ನೀವೇ ಅಲ್ಲವೇ ಎಂದು. ನೋಡಿದರೆ ನಮ್ಮ ಓಣಿ. ನೀಲಿ ಮೀನಿನ ಮುಂದೆ ಆ ಹುಡುಗಿ ಕುಣಿಯುತ್ತಿದ್ದಾಳೆ. ಹಿಂದಿನಿಂದ ಬಿಳಿ ಪಂಚೆಯ ಇಬ್ಬರು ಬರುತ್ತಾರೆ. ನಮ್ಮ ಮಾತು ಕೇಳುವುದಿಲ್ಲ, ಮೇಲೆ ಯಾವುದೋ ಹಾಡು ಹಾಕಿದ್ದಾರೆ. ವಾಸಣ್ಣ ನನ್ನ ಕಡೆ ಬಾಗಿ ಏನೋ ಕೇಳುತ್ತಾನೆ. ಸೀದುಹೋದ ಉಪ್ಪಿಟ್ಟಿನಂಥ ಮುಖ ಮಾಡಿಕೊಂಡು ನಾನು ಏನೋ ಕಿರುಚಿ ದಡದಡ ಮುಂದೆ ಹೋಗುತ್ತೇನೆ, ಚಿತ್ರದಿಂದಲೇ ಹೊರಗೆ. ವಾಸಣ್ಣ ಅಲ್ಲಿಯೇ ನಿಲ್ಲುತ್ತಾನೆ. ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಳ್ಳುತ್ತಾನೆ. ಅವನ ಭುಜ ಕುಲುಕುತ್ತದೆ.

“ಅಳ್ತಿದ್ದಾನೆ,” ಎಂದೆ.

ವಿದ್ಯಾ ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದಳು. ಬಹಳ ಹೊತ್ತು ನೋಡಿದಳು. “ಇಲ್ಲಪ್ಪಾ. ಸಿರಿಕ್ಕಿರಾರು ಪಾ.” ನಗುತ್ತಿದ್ದಾರೆ ಎಂದಳು.

ಯಾಕೆ ನಕ್ಕ? ತಿಥಿ ಮುಗಿದ ಮೇಲೆ ವಾಸಣ್ಣನ ಹೆಂಡತಿಗೆ ನಾನು ಫೋನೇ ಮಾಡಿರಲಿಲ್ಲ. ಅವತ್ತು ಮಾಡಿದೆ. ಅತ್ತಿಗೆಯ ಹತ್ತಿರ ಎಲ್ಲವನ್ನೂ ಹೇಳಿಕೊಂಡೆ, ಸುಳ್ಳು, ಬಟಾಟೆ, ಓಣಿಯಲ್ಲಿ ಆಡಿದ ಮಾತು.

“ಅವ್ರಿಗೆ ಗೊತ್ತಿದ್ದಿತ್ತ್ ರಾಘಣ್ಣ,” ಎಂದರು ಅತ್ತಿಗೆ. “ಮೊದ್ಲನೇ ವಾರವೇ ಗೊತ್ತಾಯ್ತಂಬ್ರು. ನುಗ್ಗೆಕಾಯಿ ಹಾಕಿ ಇಳ್ಸಿದ ಸಾಂಬಾರಿನಲ್ಲಿ ಬಟಾಟೆ ಎಲ್ಲಿಂದ ಬಂತು? ಮೂಗ್ ಹೋಯ್ತೇ ಹೊರ್ತು ಕಣ್ಣ್ ಹೋಯ್ಲಿಲ್ಲ ಅಂತಿದ್ರು. ಬಿಟ್ಟ್ ಬನ್ನಿ ಅಂದ್ರೆ, ಗಲ್ಲಾದಗೆ ರಾಘು ಇಪ್ಪ ತನ್ಕ ನಂಗೆಂತ ಹೆದ್ರಿಕೆ ಅಂಬ್ರು. ಅವ ಯಾವಾಗ ಬಾಯಿ ಬಿಡ್ತ ಕಾಂಬ ಅಂತ ದಿನಾ ಕೇಳ್ತಿದ್ರಂಬ್ರು. ಊರಿಗೆ ಬಂದವ್ರು ಅದನ್ನೇ ಹೇಳಿ ಹೇಳಿ ನೆಗಾಡಿದ್ರು, ಅಂತೂ ಬಾಯಿ ಬಿಟ್ಟ ಅಂತ.”

ನನಗೆ ಉಸಿರು ಬಂದ ಹಾಗಾಯಿತು. ನಗು ಕೂಡ ಬಂತು. ಅಷ್ಟಕ್ಕೆ ಫೋನು ಇಟ್ಟಿದ್ದರೆ ಚೆನ್ನಾಗಿರುತ್ತಿತ್ತು.

“ಬಟಾಟೆ ಸಂಗ್ತಿ ನಿಮ್ಗೆ ರೈಲಿನ ಹತ್ರ ಹೇಳ್ಕ್ ಅಂತಿದ್ರಂಬ್ರು,” ಎಂದರು ಅತ್ತಿಗೆ. “ಹೇಳಿ, ನಿಮ್ಮ ಮುಖ ಹ್ಯಾಂಗ್ ಆತ್ತ್ ಅಂತ ನೋಡ್ಕಿತ್ತಂಬ್ರು. ರೈಲ್ ಹೊರಡೂ ತನ್ಕ ಬಾಗಿಲಗೇ ನಿಂತಿದ್ರಂಬ್ರು. ನೀವ್ ಬರ್ಲಿಲ್ಲ.”

ಅವತ್ತು ನಾನು ಅತ್ತೆ. ಮನೆಯ ನಡುವಿನ ಕೋಣೆಯಲ್ಲಿ, ಹೆಂಡತಿ, ಮಗಳು, ಸಂಡಿಗೆ ಕೊಡಲು ಬಂದ ಮೇಲಿನ ಮನೆಯ ಮಾಮಿ, ಎಲ್ಲರ ಎದುರಿಗೆ. ಆರು ತಿಂಗಳು ಚೆನ್ನೈಯೆಲ್ಲ ಸುತ್ತಿ ಹುಡುಕಿದರೂ ಸಿಗದ ಜಾಗ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿತ್ತು. ಹೆಂಡತಿ ಬಿಪಿ ಮಾತ್ರೆ ತಂದಳು. ನುಂಗಿದೆ.

ಈಗ ಮತ್ತೆ ಮೂರೂವರೆಗೆ ಓಣಿಗೆ ಹೋಗುತ್ತೇನೆ. ಜನ ಇದ್ದಾರೆ, ಇರಲಿ. ಫೋನು ಕೊಟ್ಟರೆ ಫೋಟೋ ತೆಗೆಯುತ್ತೇನೆ. ಹಿಂದೆ ಯಾರಾದರೂ ಹಾದುಹೋಗುತ್ತಿದ್ದರೆ ಅವರನ್ನೂ ಸೇರಿಸಿಕೊಳ್ಳುತ್ತೇನೆ, ಯಾರ ಮನೆಯವರು ಯಾವಾಗ ಹುಡುಕುತ್ತಾರೋ ಹೇಳಲಾಗುವುದಿಲ್ಲ. ಹೂವರಸಿ ಮರದ ಹತ್ತಿರ ಒಂದು ಕ್ಷಣ ನಿಲ್ಲುತ್ತೇನೆ. ವಾಸಣ್ಣನ ಬೇರೆ ಫೋಟೋ ನನ್ನ ಹತ್ತಿರ ಒಂದೂ ಇಲ್ಲ, ಸಿಕ್ಕಸಿಕ್ಕವರದ್ದೆಲ್ಲ ತೆಗೆದವನಿಗೆ ಅವನದೊಂದು ತೆಗೆಯಬೇಕೆಂದು ಹೊಳೆದಿರಲಿಲ್ಲ. ಹಾಗಾಗಿ ಆ ಹುಡುಗಿಯ ಕುಣಿತವನ್ನು ದಿನಕ್ಕೆ ಏಳೆಂಟು ಬಾರಿ ನೋಡುತ್ತೇನೆ. ಅದನ್ನು ತುಂಬಾ ಜನ ನೋಡಿದ್ದಾರೆ ಎಂದು ಅವಳು ಬೀಗುತ್ತಿರಬಹುದು, ಅದರಲ್ಲಿ ದೊಡ್ಡ ಪಾಲು ನನ್ನದು ಎಂದು ಅವಳಿಗೆ ಗೊತ್ತಿಲ್ಲ. ಮೊನ್ನೆ ವಿದ್ಯಾಳಿಂದ ಕಲಿತು, ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆದೆ. ‘ಉಪ್ಪು ಸಮ ಇರಲಿಲ್ಲ ವಾಸಣ್ಣ, ಸ್ಟೇಷನ್ನಿಗೆ ಬರಬೇಕಿತ್ತು, ಬರಲಿಲ್ಲ.’ ಮರುದಿನ ನೋಡಿದರೆ ಆ ಹುಡುಗಿ ಅದಕ್ಕೊಂದು ಕೆಂಪು ಹೃದಯ ಅಂಟಿಸಿದ್ದಾಳೆ. ಪಾಪ, ಈ ಅಂಕಲ್ ತನ್ನ ಕುಣಿತವನ್ನು ಹೊಗಳಿದ್ದಾರೆ ಎಂದುಕೊಂಡಿರಬೇಕು.